ಹುಣಸೆ ಬೀಜವೂ ಪರಮಾಣುವೂ

ವಿಕಿರಣದ ವಿಚಾರವೆಲ್ಲ ವಿಜ್ಞಾನ ವಿಭಾಗದವರ ಸೊತ್ತೆಂದು ಭಾವಿಸುವುದು ನಮ್ಮಂಥ ಕಲಾ ವಿದ್ಯಾರ್ಥಿಗಳ ವಾಡಿಕೆ. ನನ್ನ ಆ ಭಾವನೆಯನ್ನು ಅಲುಗಿಸಿದವು 64 ಹುಣಸೆ ಬೀಜಗಳು.

ಜೇವರ್ಗಿ ತಾಲ್ಲೂಕಿನ ಹಳ್ಳಿಯೊಂದರಲ್ಲಿ ನಮ್ಮ ಎನ್.ಎಸ್.ಎಸ್. ಶಿಬಿರ ನಡೆದಾಗ, ಅಲ್ಲಿನ ಪ್ರೌಢಶಾಲೆಯ ಗುರುಗಳು ಮಕ್ಕಳಿಗೆ 'ಅರ್ಧಾಯು'ವಿನ ಪಾಠ ಹೇಳುತ್ತಿದ್ದರು. ಪ್ರತಿ ಬೀಜದ ಒಂದು ಮೈಗೆ ಸುಣ್ಣದ ಬೊಟ್ಟು. ಬೀಜಗಳನ್ನು ಮೊರದಲ್ಲಿ ಕುಲುಕಿ ನೆಲಕ್ಕೆ ಚೆಲ್ಲುವುದು; ಬೊಟ್ಟು ಮೇಲಾದವು ಕ್ಷಯಿಸಿದ ಪರಮಾಣುಗಳೆಂದು ತೆಗೆದಿಟ್ಟು, ಉಳಿದವನ್ನೇ ಮತ್ತೆ ಚೆಲ್ಲುವುದು. 64 ಇದ್ದದ್ದು 33 ಆಯಿತು. ಬಳಿಕ 15, 8, 3, 1. ಯಾವ ಬೀಜ ಯಾವಾಗ ಹೋಗುವುದೆಂದು ಯಾರೂ ಹೇಳಲಾರರು. ಗುಂಪು ಪ್ರತಿ ಸಲವೂ ಸುಮಾರು ಅರ್ಧವಾಗುವುದೆಂದು ಯಾರಾದರೂ ಹೇಳಬಲ್ಲರು. ಐದು ಸಲ ಉಳಿದ ಕೊನೆಯ ಬೀಜವನ್ನು ಕಂಡು ಹುಡುಗನೊಬ್ಬ, "ಈ ಸಲ ಇದು ಹೋಗೇ ಹೋಗ್ತದ್ರಿ ಸರ್" ಎಂದ. "ಇಲ್ಲಪ, ಅದಕ್ಕ ಹಿಂದಿಂದು ನೆನಪಿಲ್ಲ. ಈಗೂ ಅರ್ಧಕ್ಕ ಅರ್ಧನೇ ಅದ" ಎಂದರು ಗುರುಗಳು. ಪರಮಾಣುವಿಗೆ ಮುಪ್ಪಿಲ್ಲವೆಂಬುದು ನನಗೆ ಆಗ ತಿಳಿಯಿತು.

ಬೀಜದ ಬದಲು ಆರು ಮುಖದ ದಾಳ ಎಸೆದು, 'ಒಂದು' ಬಿದ್ದವನ್ನಷ್ಟೇ ತೆಗೆದರೆ, ಗುಂಪು ಅರ್ಧವಾಗಲು ಸುಮಾರು 4 ಎಸೆತ ಬೇಕು. ಹಾಗೆಯೇ ವಸ್ತುವಿನಿಂದ ವಸ್ತುವಿಗೆ ಅರ್ಧಾಯು ಬೇರೆ. ಥೈರಾಯ್ಡ್ ಚಿಕಿತ್ಸೆಗೆ ಬಳಸುವ ಅಯೋಡಿನ್-131ಕ್ಕೆ ಅದು 8 ದಿನ. ಯುರೇನಿಯಂ-238ಕ್ಕೆ ಸುಮಾರು 447 ಕೋಟಿ ವರ್ಷ. ಭೂಮಿಯ ವಯಸ್ಸೂ ಹೆಚ್ಚುಕಡಿಮೆ ಅಷ್ಟೇ ಆದುದರಿಂದ, ಅದು ಹುಟ್ಟಿದಾಗ ಇದ್ದ ಆ ಯುರೇನಿಯಂನಲ್ಲಿ ಸುಮಾರು ಅರ್ಧ ಇನ್ನೂ ಉಳಿದಿದೆ. ಅದರ ಅದಿರು ಜೇವರ್ಗಿಯ ನೆರೆಯ ಶಹಾಪುರ ತಾಲ್ಲೂಕಿನ ಗೋಗಿಯಲ್ಲಿಯೇ ಉಂಟು.

ಅಂದು ರಾತ್ರಿ ಆಳಂದದ ಗೆಳತಿಯೊಬ್ಬಳು, "ನಮ್ಮ ಕ್ಲಾಸೂ ಹಿಂಗೇ ಕರಗೇದ ನೋಡು" ಎಂದಳು. ನಾನೂ ಅಫಜಲಪುರ ತಾಲ್ಲೂಕಿನ ನನ್ನೂರಿನ ಲೆಕ್ಕ ಹಾಕಿದೆ. ಒಂದನೆಯ ತರಗತಿಯಲ್ಲಿ 31 ಮಂದಿ, ಏಳರಲ್ಲಿ 17, ಹತ್ತರಲ್ಲಿ 9, ಬಿ.ಎ.ಗೆ ನಾನೊಬ್ಬಳೇ. ನಮ್ಮ ಮನೆಯಲ್ಲಿಯೂ ಕಾಲೇಜಿನ ಮೆಟ್ಟಿಲು ಹತ್ತಿದವಳು ನಾನೇ ಮೊದಲು.

ಅಂಕಿಗಳೇನೋ ಹೋಲುತ್ತವೆ, ಹೋಲಿಕೆ ಅಲ್ಲಿಗೇ ಮುಗಿಯಬೇಕು. ಈ ಪರಮಾಣುವೇ ಇಂದೇಕೆ ಕ್ಷಯಿಸಿತೆಂದು ಕೇಳಿದರೆ ಉತ್ತರವಿಲ್ಲ. ನನ್ನ ಜೊತೆಯವರು ಶಾಲೆ ಬಿಟ್ಟ ಕಾರಣಗಳನ್ನು ನಾನು ಬಲ್ಲೆ: ಒಬ್ಬಳಿಗೆ ಮದುವೆ, ಒಬ್ಬನಿಗೆ ತಂದೆಯ ಸಾಲ, ಮೂವರು ಹೆತ್ತವರೊಡನೆ ದುಡಿಯಲು ಪುಣೆಗೆ. ಇದನ್ನು ಹಣೆಬರಹವೆಂದರೆ ನಾನು ಒಪ್ಪಲಾರೆ. ಗೋಗಿಯ ಕಲ್ಲಿನೊಳಗಿನ ಕ್ಷಯವನ್ನು ತಡೆಯುವುದು ನಮ್ಮ ಕೈಯಲ್ಲಿಲ್ಲ. ಒಬ್ಬ ಹುಡುಗಿಯನ್ನು ಇನ್ನೊಂದು ವರ್ಷ ಶಾಲೆಯಲ್ಲಿ ಉಳಿಸುವುದು ನಮ್ಮ ಕೈಯಲ್ಲಿದೆ. ಮುಂದೆ ನಾನು ಇತಿಹಾಸ ಕಲಿಸುವ ಶಿಕ್ಷಕಿಯಾದರೂ, ಮೇಜಿನೊಳಗೆ ಒಂದು ಹಿಡಿ ಹುಣಸೆ ಬೀಜ ಇಟ್ಟಿರುತ್ತೇನೆ.