ಅಪ್ಪ ಬಿಟ್ಟ ಗುಳಿಗೆ

ಹೋದ ದೀಪಾವಳಿಗೆ ಆಫೀಸಿನಲ್ಲಿ ರಿಲೀಸ್ ಇತ್ತು, ರಜೆ ಸಿಗಲಿಲ್ಲ. ಊರಿಗೆ ಹೋಗದ ತಪ್ಪಿಗೆ ದಂಡ ಕಟ್ಟಿದ ಹಾಗೆ ಅಪ್ಪನಿಗೆ ಅಗಸೆ ಎಣ್ಣೆಯ ಕ್ಯಾಪ್ಸೂಲ್ ಆನ್‌ಲೈನ್‌ನಲ್ಲಿ ಆರ್ಡರ್ ಮಾಡಿ ಕಳಿಸಿದೆ. ಡಬ್ಬಿಯ ಮೇಲೆ ಹೃದಯದ ಚಿತ್ರ, ‘ಒಮೆಗಾ-3, ಆಂಟಿಆಕ್ಸಿಡೆಂಟ್ ರಕ್ಷಣೆ’ ಅನ್ನೋ ದೊಡ್ಡ ಅಕ್ಷರ. ಅಪ್ಪನಿಗೆ ಮೂರು ವರ್ಷದಿಂದ ಕೊಲೆಸ್ಟರಾಲ್. ಮಗನ ಕರ್ತವ್ಯ ಮುಗೀತು ಅಂದುಕೊಂಡೆ.

ಯುಗಾದಿಗೆ ಧಾರವಾಡಕ್ಕೆ ಹೋದಾಗ ಅಪ್ಪನ ರಕ್ತಪರೀಕ್ಷೆಯ ರಿಪೋರ್ಟ್ ನೋಡಿ ಗಾಬರಿಯಾಯಿತು. 92 ಇದ್ದ ಎಲ್‌ಡಿಎಲ್ 164ಕ್ಕೆ ಏರಿತ್ತು.

“ಅಪ್ಪಾ, ಗುಳಿಗಿ ದಿನಾ ತಗೋತೀರೇನು?”

“ನೀ ಕಳಿಸಿದ್ದು ಒಂದಿನಾನೂ ತಪ್ಪಿಸಿಲ್ಲ. ಅದೂ ಹಾರ್ಟಿಗೇ ಅಲ್ಲೇನು? ಅದಕ್ಕ ಡಾಕ್ಟ್ರು ಬರದಿದ್ದು ಬಿಟ್ಟೀನಿ.”

ನನಗೆ ಮಾತೇ ಹೊರಡಲಿಲ್ಲ. ಡಬ್ಬಿ ಅಡುಗೆಮನೆ ಕಿಟಕಿಯಲ್ಲಿ, ಬಿಸಿಲಿಗೆ ಕೂತಿತ್ತು. ಒಂದು ಕ್ಯಾಪ್ಸೂಲ್ ಕತ್ತರಿಸಿ ಮೂಸಿದೆ. ಹೊಸದಾಗಿ ಬಣ್ಣ ಬಳಿದ ಬಾಗಿಲಿನ ವಾಸನೆ!

ರಾತ್ರಿ ಕೂತು ಓದಿದಾಗ ಕಾರಣ ತಿಳಿಯಿತು. ಅಗಸೆ ಎಣ್ಣೆಯಲ್ಲಿ ಅರ್ಧದಷ್ಟೋ ಅದಕ್ಕಿಂತ ಹೆಚ್ಚೋ ಆಲ್ಫಾ ಲಿನೋಲೆನಿಕ್ ಆಮ್ಲ ಇರುತ್ತದೆ. ನಮ್ಮ ದೇಹ ಇದನ್ನು ತಯಾರಿಸಲಾರದು, ಊಟದಿಂದಲೇ ಸಿಗಬೇಕು. ಆದರೆ ಇದರ ಪ್ರತಿ ಅಣುವಿನಲ್ಲೂ ಮೂರು ದ್ವಿಬಂಧಗಳಿವೆ. ಹಾಗಾಗಿ ಆಮ್ಲಜನಕ ಇದನ್ನು ಬೇಗ ಕೆಡಿಸುತ್ತದೆ. ಬಡಗಿಗಳು ಮರಕ್ಕೆ ಹಚ್ಚುವ ಲಿನ್‌ಸೀಡ್ ಆಯಿಲ್ ಅಂದರೂ ಅಗಸೆ ಎಣ್ಣೆಯೇ. ಗಾಳಿಯ ಆಮ್ಲಜನಕ ಹೀರಿಕೊಂಡೇ ಅದು ಗಟ್ಟಿಯಾಗೋದು. ಅಂದರೆ, ಆಕ್ಸಿಡೇಶನ್‌ನಿಂದ ಅಪ್ಪನನ್ನು ಕಾಪಾಡಲಿ ಅಂತ ನಾನು ಕಳಿಸಿದ್ದನ್ನೇ ಮೊದಲು ಆಕ್ಸಿಡೇಶನ್‌ನಿಂದ ಕಾಪಾಡಬೇಕಿತ್ತು. ಇಂಥ ಕ್ಯಾಪ್ಸೂಲ್‌ಗಳಿಗೆ ಕೆಲವರು ವಿಟಮಿನ್ ಇ ಬೆರೆಸೋದೂ ಅದಕ್ಕೇ.

ಅವ್ವನಿಗೆ ಇದು ಓದದೇ ಗೊತ್ತಿತ್ತು. ಬೀಜವನ್ನು ಇಡಿಯಾಗಿ ಡಬ್ಬಿಯಲ್ಲಿಟ್ಟು, ಅಗಸಿ ಚಟ್ನಿಪುಡಿ ಸ್ವಲ್ಪ ಸ್ವಲ್ಪವೇ ಮಾಡುತ್ತಾಳೆ. “ಒಮ್ಮೆಲೇ ಭಾಳ ಮಾಡಿದ್ರ ಕಮಟು ವಾಸನಿ ಬರ್ತದ” ಅಂದಳು. ಆ ಚಟ್ನಿ ಇರುವ ಮನೆಗೇ ನಾನು ದುಡ್ಡು ಕೊಟ್ಟು ಕ್ಯಾಪ್ಸೂಲ್ ಕಳಿಸಿದ್ದೆ!

ಮರುದಿನ ಡಾಕ್ಟರ ಹತ್ತಿರ ಹೋದೆವು. ಅಪ್ಪನಿಗೆ ಬೈಯಲಿಲ್ಲ, ನನ್ನ ಕಡೆ ನೋಡಿ ಹೇಳಿದರು: “ಅಗಸಿ ಚಲೋದು, ತಿನ್ಲಿ. ಆದ್ರ ಅದು ಊಟ. ಇದು ಔಷಧ.”

ಮೀನೆಣ್ಣೆಯ ಕ್ಯಾಪ್ಸೂಲ್ ಕೊಡಿಸಿದ್ದರೂ ಇದೇ ಆಗುತ್ತಿತ್ತೇನೋ. ಅಮೆರಿಕದ ‘ವೈಟಲ್’ ಅಧ್ಯಯನದಲ್ಲಿ 25,871 ಜನರಿದ್ದರು. ಅವರಲ್ಲಿ ಅರ್ಧದಷ್ಟು ಜನ ಐದು ವರ್ಷದಷ್ಟು ಕಾಲ ದಿನಕ್ಕೆ 1 ಗ್ರಾಂ ಮೀನೆಣ್ಣೆಯ ಒಮೆಗಾ-3 ತೆಗೆದುಕೊಂಡರು. 2018ರಲ್ಲಿ ಫಲಿತಾಂಶ ಬಂತು: ಹೃದಯಾಘಾತ, ಪಾರ್ಶ್ವವಾಯು, ಹೃದ್ರೋಗದ ಸಾವು ಎಲ್ಲ ಸೇರಿಸಿ ನೋಡಿದರೆ ಹೇಳಿಕೊಳ್ಳುವಂಥ ಇಳಿಕೆ ಕಾಣಲಿಲ್ಲ.

ಈಗ ಅಪ್ಪ ಮತ್ತೆ ಡಾಕ್ಟರ ಗುಳಿಗೆ ಶುರು ಮಾಡಿದ್ದಾರೆ. ಭಾನುವಾರ ವಿಡಿಯೋ ಕಾಲ್‌ನಲ್ಲಿ ಖಾಲಿಯಾದ ಸ್ಟ್ರಿಪ್ ತೋರಿಸಿ ನಗುತ್ತಾರೆ. ನಾನು ತಿಂಗಳಿಗೊಮ್ಮೆ ಊರಿಗೆ ಹೋಗುತ್ತಿದ್ದೇನೆ.

ನೀವೂ ಮನೆಗೆ ಇಂಥ ಡಬ್ಬಿ ಕಳಿಸಿದ್ದರೆ ಇವತ್ತೇ ಒಂದು ಫೋನ್ ಮಾಡಿ. ಅದನ್ನು ತಗೊಂಡ್ರಾ ಅಂತ ಅಲ್ಲ, ಅದಕ್ಕಾಗಿ ಯಾವ ಗುಳಿಗೆ ಬಿಟ್ಟಿದ್ದೀರಿ ಅಂತ ಕೇಳಿ.