ಸಾರಮಿಲ್ಲ ಎಂಬ ಮಾತಿನ ಬೆಲೆ

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂದು ಹಿರಿಯರು ಎಚ್ಚರಿಸಿದ್ದಾರೆ. ಇದ್ದ ಮನೆಯ ಅಡುಗೆಕೋಣೆಯನ್ನಷ್ಟೇ ಬದಲಿಸಹೊರಟವರಿಗೆ ಅವರು ಏನೂ ಹೇಳಿಟ್ಟಿಲ್ಲ. ಅವರ ಕಾಲದಲ್ಲಿ ಒಲೆ ಕುಸಿದರೆ ಮಣ್ಣು ಕಲಸಿ ಮೆತ್ತಿದರೆ ಮುಗಿಯಿತು.

2023ರ ಬೇಸಗೆಯಲ್ಲಿ ನಾನು ಈ ಕೆಲಸಕ್ಕೆ ಕೈಹಾಕಿದಾಗ ನನ್ನ ನಿವೃತ್ತಿಯ ಹಣದಲ್ಲಿ ಉಳಿದದ್ದು ಮೂರು ಲಕ್ಷ ರೂಪಾಯಿ. ಅರ್ಧ ಅತ್ತೆಯ ಮೊಣಕಾಲಿನ ಶಸ್ತ್ರಕ್ರಿಯೆಗೆ ಮೀಸಲು. ಉಳಿದ 1,50,000 ಅಡುಗೆಕೋಣೆಯ ಪಾಲು. "ಕಡಿಮೆ ಬಿದ್ದರೆ ನಾನು ಕಳಿಸುತ್ತೇನೆ ಅಮ್ಮಾ" ಎಂದು ದುಬಾಯಿಯಿಂದ ಮಗ ಹೇಳಿದ. ಅವನ ತಲೆಯ ಮೇಲೂ ಸಾಲವಿದೆ. ಹಾಗಾಗಿ ಎಳೆದ ಗೆರೆ ಎಳೆದದ್ದೇ. ಅದರಲ್ಲೂ 15,000 ರೂಪಾಯಿಯನ್ನು ಬೇರೆ ಲಕೋಟೆಯಲ್ಲಿ ಹಾಕಿ ದೇವರ ಕೋಣೆಯಲ್ಲಿಟ್ಟೆ. ಹಳೆಯ ಮನೆ ಕೆದಕಿದರೆ ಏನಾದರೂ ಒಂದು ಹೊರಬೀಳದೆ ಇರುವುದಿಲ್ಲ.

ಮೇಸ್ತ್ರಿ ಕೆಲಸ ಬಲ್ಲವರು, ಒಳ್ಳೆಯವರು. ಅಳತೆ ತೆಗೆದು ಮಲಯಾಳದಲ್ಲಿ ಅಂದಾಜುಪಟ್ಟಿ ಬರೆದುಕೊಟ್ಟರು. ನನಗೆ ಮಲಯಾಳ ಮಾತು ಸರಾಗ, ಅಕ್ಷರ ಅಷ್ಟಕ್ಕಷ್ಟೆ. ಕಾಸರಗೋಡಿನ ಕನ್ನಡ ಶಾಲೆಗಳಲ್ಲಿ ಓದಿದ ನನ್ನ ವಯಸ್ಸಿನ ಅನೇಕರ ಪಾಡು ಇದೇ. ಮೊಮ್ಮಗಳು ಓದಿದಳು, ನಾನು ಒಂದೊಂದೇ ಬಾಬತ್ತನ್ನು ಕನ್ನಡದಲ್ಲಿ ಬರೆದುಕೊಂಡೆ. ಇದರಿಂದ ಒಂದು ಲಾಭವಾಯಿತು. ಕೊನೆಯ ಮೊತ್ತವನ್ನಷ್ಟೇ ನೋಡಿದ್ದರೆ ಎದೆ ಒಡೆಯುತ್ತಿತ್ತು, 2,12,000. ಸಾಲುಸಾಲಾಗಿ ಬರೆಯುವಾಗ ಪ್ರತಿಯೊಂದಕ್ಕೂ 'ಇದು ಯಾರಿಗೆ ಬೇಕು?' ಎಂದು ಕೇಳಲು ಸಾಧ್ಯವಾಯಿತು.

ನೀರು ಹೋಗುವ ದಾರಿ, ಗೋಡೆ, ಮಾಡು: ಈ ಮೂರನ್ನು ಕದಲಿಸದಿದ್ದರೆ ಅರ್ಧ ಖರ್ಚು ಹಿಡಿತಕ್ಕೆ ಬಂದಂತೆ. ಪಾತ್ರೆ ತೊಳೆಯುವ ಜಾಗವನ್ನು ಎದುರು ಗೋಡೆಗೆ ಒಯ್ಯುವುದೆಂದರೆ ಮುರಕಲ್ಲಿನ ಗೋಡೆ ಒಡೆದು, ಹೊಸ ಪೈಪು ಎಳೆದು, ಹೊರಗೆ ಹೊಸ ಗುಂಡಿ ತೋಡಬೇಕು. ಅದನ್ನು ಬಿಟ್ಟದ್ದಕ್ಕೆ 22,000 ಉಳಿಯಿತು. ಗೋಡೆಗೆ ಮಾಡಿನವರೆಗೆ ಟೈಲ್ಸ್ ಬೇಡ, ಕಟ್ಟೆಯ ಹಿಂದೆ ಎರಡಡಿ ಸಾಕು ಎಂದೆ, 14,000. ತಲೆಯ ಮೇಲಿನ ಪ್ಲೈವುಡ್ ಕಪಾಟುಗಳಿಗೆ ಅತ್ತೆಯ ಕೈಯೂ ಎಟುಕದು, ನನ್ನದೂ ಎಟುಕದು; 41,000. ಒಟ್ಟು 77,000 ಕಳೆದು ಲೆಕ್ಕ 1,35,000ಕ್ಕೆ ಬಂದು ನಿಂತಿತು.

ಮಾಡಿಗೆ ಮಂಗಳೂರು ಹಂಚೇ ಇರಲಿ ಎಂದೆ. ಬಾಸೆಲ್ ಮಿಶನ್ 1865ರಲ್ಲಿ ಮಂಗಳೂರಿನಲ್ಲಿ ಶುರುಮಾಡಿದ ಆ ಹಂಚಿನ ಗುಣವೆಂದರೆ ಬೇಕಾದ ಒಂದನ್ನಷ್ಟೇ ತೆಗೆದು ಬದಲಿಸಬಹುದು. ನಾಲ್ಕು ಹಂಚು ತೆಗೆದು ಗಾಜಿನ ಹಂಚು ಹಾಕಿಸಿದೆ. ಹಗಲಲ್ಲಿ ದೀಪ ಹಾಕುವ ಪ್ರಮೇಯವೇ ತಪ್ಪಿತು.

ಸೌದೆ ಒಲೆಯನ್ನು ತೆಗೆಯಲಿಲ್ಲ. ಕುಚ್ಚಿಲಕ್ಕಿಯ ಅನ್ನ ಗ್ಯಾಸಿನಲ್ಲಿ ಬೇಯುವಷ್ಟರಲ್ಲಿ ಸಿಲಿಂಡರ್ ಹಗುರಾಗಿರುತ್ತದೆ. ತೋಟದಲ್ಲಿ ಮಡಲು, ಕರಟ ಬಿದ್ದು ಹಾಳಾಗುತ್ತವೆ. ಹೊಗೆಯದೇ ಕಾಟ. ಅದಕ್ಕೆ ಮೇಸ್ತ್ರಿಯೇ ದಾರಿ ಹೇಳಿದರು, ಕೇರಳ ಶಾಸ್ತ್ರ ಸಾಹಿತ್ಯ ಪರಿಷತ್ತು ಪ್ರಚಾರಕ್ಕೆ ತಂದ 'ಪರಿಷತ್ ಅಡುಪ್ಪು'. ನಾನು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ 'ಅಸ್ತ್ರ ಒಲೆ'ಯ ಮಾತೆತ್ತಿದೆ. ಅಡುಪ್ಪಾದರೇನು, ಒಲೆಯಾದರೇನು, ತತ್ವ ಒಂದೇ. ಬೆಂಕಿಯನ್ನು ಮುಚ್ಚಿದ ಗೂಡಿನಲ್ಲಿಟ್ಟು, ಒಂದು ಪಾತ್ರೆಗೆ ತಾಗಿ ಮಿಕ್ಕ ಬಿಸಿಯನ್ನು ಇನ್ನೊಂದಕ್ಕೆ ಹಾಯಿಸಿ, ಹೊಗೆಯನ್ನು ಕೊಳವೆಯ ಮೂಲಕ ಮಾಡಿನಾಚೆಗೆ ಕಳಿಸುವುದು.

ಕೆಲಸ ನಡೆಯುವಾಗ ಅತ್ಯಂತ ದುಬಾರಿಯಾಗಿ ಕಂಡ ವಸ್ತು ಗ್ರಾನೈಟ್ ಅಲ್ಲ, 'ಸಾರಮಿಲ್ಲ' ಎಂಬ ಪದ. "ಸಾರಮಿಲ್ಲ ಟೀಚರೇ, ಹೇಗೂ ಸಿಮೆಂಟು ಕಲಸಿದ್ದೇವೆ, ಇದೂ ಆಗಿಬಿಡಲಿ." ಪರವಾಗಿಲ್ಲ ಎಂದು ನಾವು ಕನ್ನಡದಲ್ಲಿ ಹೇಳಿಕೊಂಡರೂ ಬಿಲ್ಲು ಅಷ್ಟೇ ಆಗುತ್ತದೆ. ಅದಕ್ಕೆ ಒಂದು ಕ್ರಮ ಮಾಡಿದೆವು. ಹೊಸ ಕೆಲಸ ಏನೇ ಇರಲಿ, ಮೊದಲು ಪುಸ್ತಕದಲ್ಲಿ ಎಡಕ್ಕೆ ಕನ್ನಡದಲ್ಲಿ ನಾನು, ಬಲಕ್ಕೆ ಮಲಯಾಳದಲ್ಲಿ ಅವರು ದರ ಸಮೇತ ಬರೆಯಬೇಕು. ಇಬ್ಬರ ಸಹಿಯಾದ ಮೇಲೆಯೇ ಕರಣೆ ಹಿಡಿಯುವುದು. ಬರೆಯುವಷ್ಟರಲ್ಲಿ ಅರ್ಧ ಆಸೆಗಳು ತಾವಾಗಿಯೇ ಇಳಿದುಹೋದವು. ವಾರದ ಲೆಕ್ಕದಲ್ಲಿ ಒಂದು ದಿನವೂ ಮಾತು ಬೆಳೆಯಲಿಲ್ಲ.

ಲಕೋಟೆ ಎರಡು ಸಲ ತೆರೆಯಿತು. ಹಳೆಯ ಅಟ್ಟ ಬಿಚ್ಚಿದಾಗ ಮೂರು ಪಕಾಸುಗಳನ್ನು ಗೆದ್ದಲು ತಿಂದಿತ್ತು. ಪತ್ತನಾಜೆಗೆ ಮೊದಲು ಮಾಡು ಮುಚ್ಚಲೇಬೇಕು, 9,400 ಕೊಟ್ಟೆ. ಎರಡನೆಯದು ಅತ್ತೆಗಾಗಿ. ಅವರು ಆವರೆಗೆ ಏನನ್ನೂ ಕೇಳಿರಲಿಲ್ಲ. ಒಂದು ಸಂಜೆ ಮೆಲ್ಲಗೆ, "ನನಗೆ ನೆಲದಲ್ಲಿ ಕೂರಲಿಕ್ಕೆ ಆಗುವುದಿಲ್ಲ, ನಿಂತು ಕೊರೆಯಲಿಕ್ಕೂ ಆಗುವುದಿಲ್ಲ. ಇನ್ನು ಈ ಕೋಣೆಯಲ್ಲಿ ನನಗೇನು ಕೆಲಸ ಮಗಾ?" ಎಂದರು.

ಮರುದಿನ ಉಳಿದ ಮುರಕಲ್ಲಿನಿಂದಲೇ ಬಾಗಿಲ ಬಳಿ ಹದಿನಾರು ಅಂಗುಲ ಎತ್ತರದ ಜಗಲಿ ಕಟ್ಟಿಸಿ ಕೆಂಪು ಕಾವಿ ಹಾಕಿಸಿದೆ. ಎತ್ತರವನ್ನು ಅತ್ತೆಯನ್ನೇ ಕುರ್ಚಿಯಲ್ಲಿ ಕೂರಿಸಿ ಅಳೆದದ್ದು. ಖರ್ಚು 1,800. ಅದರ ಮೇಲೆ ಕುಳಿತು, ಎದುರಿಗೆ ಮಣೆಯಿಟ್ಟು, ಅಳಸಂಡೆ ಕೊರೆಯುತ್ತಾ ಅವರು ಸೊಸೆಗೂ ಮೊಮ್ಮಗಳಿಗೂ ಹುಳಿಯ ಪಾಕ ಹೇಳತೊಡಗಿದರು. ಇಡೀ ಕೋಣೆಯಲ್ಲಿ ಅತಿ ಹೆಚ್ಚು ಬಳಕೆಯಾಗುವ ಜಾಗ ಈಗ ಅದೇ.

ಲಕೋಟೆಯಲ್ಲಿ 3,800 ರೂಪಾಯಿ ಉಳಿಯಿತು. ಆಟಿ ಕಳೆದ ಮೇಲೆ ಅತ್ತೆಯ ಮೊಣಕಾಲಿನ ಶಸ್ತ್ರಕ್ರಿಯೆಯಾಯಿತು. ಆಸ್ಪತ್ರೆಯ ಬಿಲ್ಲು ಕಟ್ಟಲು ನಾವು ಯಾರ ಮುಂದೆಯೂ ಕೈಚಾಚಲಿಲ್ಲ.