ದಿಕ್ಕು ಹಿಡಿಯುವ ಕಡ್ಡಿಗಳು

ಮಾಳಿಗೆಯ ಮೇಲೆ ಟಿ.ವಿ. ಆಂಟೆನಾ ನಿಲ್ಲಿಸುವ ಕೆಲಸವು ಕಲೆ ಎನಿಸಿಕೊಳ್ಳುವುದು ಪ್ರಸಾರದ ಅಲೆಗಳು ದಣಿದು ನಿಲ್ಲುವ ಅಂಚಿನ ಊರುಗಳಲ್ಲಿ ಮಾತ್ರ; ಗೋಪುರದ ಬುಡದಲ್ಲಿರುವವರಿಗೆ ಒಂದು ಮೊಳ ತಂತಿ ಸಿಕ್ಕಿಸಿದರೂ ಚಿತ್ರ ಮೂಡುವುದರಿಂದ ಅವರಿಗೆ ಆ ಸುಖ ದಕ್ಕದು. 1977ರಲ್ಲಿ ಗುಲಬರ್ಗಾದಲ್ಲಿ, ಅಂದರೆ ಇಂದಿನ ಕಲಬುರಗಿಯಲ್ಲಿ, ದೂರದರ್ಶನದ ಭೂಪ್ರಸಾರ ಆರಂಭವಾದಾಗ ಅಂಥ ಅಂಚಿನ ಸ್ಥಾನ ಮರಾಠವಾಡದ ಉಮರ್ಗಾಕ್ಕೆ ಒದಗಿತು. ಅದರಾಚೆಯ ನಿಲಂಗಾ ಮತ್ತು ಉದಗೀರ ತಾಲ್ಲೂಕುಗಳು 1956ರವರೆಗೆ ಹೈದರಾಬಾದ್ ರಾಜ್ಯದ ಬೀದರ್ ಜಿಲ್ಲೆಯಲ್ಲಿದ್ದು, ರಾಜ್ಯಗಳ ಪುನರ್ವಿಂಗಡಣೆಯಲ್ಲಿ ಮುಂಬಯಿ ರಾಜ್ಯಕ್ಕೆ ಸೇರಿದವು. ಮನೆಯೊಳಗೆ ಕನ್ನಡ, ಪೇಟೆಯಲ್ಲಿ ಮರಾಠಿ ಆಡುವ ಕುಟುಂಬಗಳು ಅಲ್ಲಿ ಇಂದಿಗೂ ಇವೆ.

ಟಿ.ವಿ. ಅಲೆಗಳು ಹೆಚ್ಚುಕಡಿಮೆ ನೇರ ಗೆರೆಯಲ್ಲಿ ಸಾಗುವುದರಿಂದ ಭೂಮಿಯ ಬಾಗೇ ಅವುಗಳ ಗಡಿ. ಎತ್ತರವನ್ನು ಮೀಟರಿನಲ್ಲಿ ಹಿಡಿದು, ಗೋಪುರ ಮತ್ತು ಆಂಟೆನಾ ಎರಡರ ಎತ್ತರದ ವರ್ಗಮೂಲಗಳನ್ನು ಕೂಡಿಸಿ ಸುಮಾರು ನಾಲ್ಕರಿಂದ ಗುಣಿಸಿದರೆ ಸಿಗುವ ಕಿಲೋಮೀಟರುಗಳೇ ಅವುಗಳ ಓಟ. ಸಪಾಟು ನೆಲದಲ್ಲಿ ನೂರು ಮೀಟರ್ ಗೋಪುರಕ್ಕೂ ಹತ್ತು ಮೀಟರ್ ಕಂಬಕ್ಕೂ ಈ ಲೆಕ್ಕ ಐವತ್ತನಾಲ್ಕರ ಒಳಗೇ ಮುಗಿಯುತ್ತದೆ; ಉಮರ್ಗಾವೋ ಕಲಬುರಗಿಯಿಂದ ನೇರ ಗೆರೆಯಲ್ಲಿ ಸುಮಾರು 60 ಕಿಲೋಮೀಟರ್. ಆ ಕೊರತೆಯನ್ನು ಬಾಲಾಘಾಟ್ ಪ್ರಸ್ಥಭೂಮಿಯ ಎತ್ತರವೂ ಕಂಬದ ಎತ್ತರವೂ ಸೇರಿ ತುಂಬಬೇಕಿತ್ತು. ಸುಮಾರು 120 ಕಿಲೋಮೀಟರ್ ದೂರದ ಉದಗೀರಕ್ಕೆ ಸಾಮಾನ್ಯ ದಿನಗಳಲ್ಲಿ ಅಲೆ ತಲುಪಲೇಬಾರದಿತ್ತು. ಆದರೆ ಚಳಿಗಾಲದ ನಿಶ್ಚಲ ರಾತ್ರಿಗಳಲ್ಲಿ ನೆಲ ತಣ್ಣಗಾಗಿ ಮೇಲಿನ ಗಾಳಿ ಬೆಚ್ಚಗೆ ಉಳಿದಾಗ, ಅಲೆಗಳು ಕೆಳಕ್ಕೆ ಬಾಗಿ ದಿಗಂತವನ್ನು ದಾಟಿ ಹೋಗುವುದುಂಟು, ಮತ್ತು ಬೆಳಿಗ್ಗೆ ಬಿಸಿಲೇರಿದೊಡನೆ ಆ ದಾರಿ ಮುಚ್ಚಿಹೋಗುತ್ತದೆ.

ಮಾಳಿಗೆಯ ಮೇಲಿನ ಈ ಮೀನಿನ ಮುಳ್ಳಿನಂಥ ರಚನೆಗೆ ಯಾಗಿ ಆಂಟೆನಾ ಎಂಬ ಹೆಸರು ಬಂದದ್ದು, ಜಪಾನಿನ ತೊಹೊಕು ವಿಶ್ವವಿದ್ಯಾಲಯದಲ್ಲಿ 1920ರ ದಶಕದಲ್ಲಿ ಶಿಂತಾರೊ ಉದಾ ಅವರೊಡನೆ ಅದನ್ನು ರೂಪಿಸಿದ ಹಿದೆತ್ಸುಗು ಯಾಗಿ ಅವರಿಂದ. ಹೆಚ್ಚಿನ ಶ್ರಮ ಉದಾ ಅವರದು, ಹೆಸರು ಉಳಿದದ್ದು ಮಾತ್ರ ಯಾಗಿ ಅವರದು. ಒಂದು ಉದ್ದನೆಯ ಅಲ್ಯೂಮಿನಿಯಂ ಕೊಳವೆಗೆ ಅಡ್ಡಲಾಗಿ ಬಿಗಿದ ಕಡ್ಡಿಗಳಲ್ಲಿ ತಂತಿಗೆ ಕೂಡಿರುವುದು ಒಂದೇ. ಕೊನೆಗಳನ್ನು ಮಡಚಿ ಉದ್ದನೆಯ ಬಳೆಯಂತೆ ಮಾಡಿದ ಆ ಕಡ್ಡಿಯ ಅಳತೆ ಅಲೆಯುದ್ದದ ಅರ್ಧಕ್ಕಿಂತ ತುಸು ಕಡಿಮೆ ಇರಬೇಕು. 64 ಮೆಗಾಹರ್ಟ್ಸ್‌ನ ಚಾನೆಲಿಗೆ ಅದು ಎರಡು ಮೀಟರಿಗೂ ಹೆಚ್ಚಾದರೆ, 200 ಮೆಗಾಹರ್ಟ್ಸ್‌ನ ಚಾನೆಲಿಗೆ ಮುಕ್ಕಾಲು ಮೀಟರಿನ ಒಳಗೆ. ಹಿಂಬದಿಯ ಕಡ್ಡಿ ಅದಕ್ಕಿಂತ ಸ್ವಲ್ಪ ಉದ್ದವಾಗಿ ಅಲೆಯನ್ನು ಮುಂದಕ್ಕೆ ತಿರುಗಿಸಿದರೆ, ಮುಂಬದಿಯ ಗಿಡ್ಡ ಕಡ್ಡಿಗಳು ಅದನ್ನು ಒಂದೇ ದಿಕ್ಕಿನಿಂದ ಬರಮಾಡಿಕೊಳ್ಳುತ್ತವೆ. ಕಡ್ಡಿಗಳನ್ನು ಅಳೆದು ಕತ್ತರಿಸಿ, ನಡುವೆ ತೂತು ಕೊರೆದು, ಎಲ್ಲವೂ ಒಂದೇ ಸಮತಲದಲ್ಲಿ ನಿಲ್ಲುವಂತೆ ನಟ್ಟು ಬಿಗಿಯುವಾಗ ಕೈಗೆ ಸಿಗುವ ತೃಪ್ತಿ, ಅಂಗಡಿಯಿಂದ ಸಿದ್ಧ ಆಂಟೆನಾ ತಂದವರಿಗೆ ಸಿಗಲಾರದು.

ಕಂಬ ನಿಲ್ಲಿಸುವುದೂ ಸುಲಭವಲ್ಲ. ಕಲ್ಲಿನ ಗೋಡೆ, ಮರದ ತೊಲೆ, ಮೇಲೆ ದಪ್ಪ ಮಣ್ಣು ಹೊದಿಸಿದ ಈ ಸೀಮೆಯ ಹಳೆಯ ಮನೆಗಳಲ್ಲಿ ಮಾಳಿಗೆ ಕೊರೆದರೆ ಮಳೆಗಾಲದಲ್ಲಿ ಸೋರುವುದು ಖಚಿತವಾದ್ದರಿಂದ, ಕಬ್ಬಿಣದ ಕೊಳವೆಯನ್ನು ಹೊರಗೋಡೆಗೆ ಪಟ್ಟಿ ಹಾಕಿ ಬಿಗಿದು, ಮೂರು ಕಡೆಗೆ ತಂತಿ ಎಳೆದು ಕಟ್ಟುವುದೇ ಜಾಣತನ. ಸಿಡಿಲಿನ ಭಯಕ್ಕೆ ಕಂಬದಿಂದ ನೆಲಕ್ಕೆ ದಪ್ಪ ತಂತಿ ಇಳಿಸುವುದನ್ನು ಮರೆಯುವಂತಿಲ್ಲ.

ಇಷ್ಟಾದ ಮೇಲೆ ತಿರುಗಿಸುವ ಕೆಲಸ. ಮೇಲೊಬ್ಬರು ಕಂಬ ಹಿಡಿದಿರುತ್ತಿದ್ದರು, ಅಂಗಳದಲ್ಲೊಬ್ಬರು ಮಾತು ದಾಟಿಸುತ್ತಿದ್ದರು, ಪೆಟ್ಟಿಗೆಯ ಮುಂದೊಬ್ಬರು ಕೂತಿರುತ್ತಿದ್ದರು. “ಬಂತೇನೋ?” “ಇನ್ನೂ ಚುಕ್ಕಿ ಅದಾವ್ರಿ, ಜರಾ ಎಡಕ್ಕ!” “ಈಗ?” “ಹೋತ್ರಿ, ಮೊದಲಿನಂಗ ಹಚ್ಚ್ರಿ!” ಕಲಬುರಗಿಯನ್ನು ಹಿಡಿಯಬೇಕೆನ್ನುತ್ತಿದ್ದ ಉಮರ್ಗಾದವರು ಕಡ್ಡಿಗಳ ಮೊಗವನ್ನು ತೆಂಕಣಕ್ಕೆ ತಿರುಗಿಸಿ ತುಸು ಮೂಡಣಕ್ಕೆ ವಾಲಿಸಬೇಕಿತ್ತು, ನಿಲಂಗಾದವರು ಬಹುಮಟ್ಟಿಗೆ ನೇರ ತೆಂಕಣಕ್ಕೆ ತಿರುಗಿಸಬೇಕಿತ್ತು, ಉದಗೀರದವರು ತೆಂಕಣದಿಂದ ತುಸು ಪಡುವಣದ ಕಡೆಗೆ ವಾಲಿಸಬೇಕಿತ್ತು. ಚಿತ್ರ ಮಸುಕಾಗಿದ್ದರೆ ಬೂಸ್ಟರ್, ಅಂದರೆ ಅಲೆಯ ಬಲ ಹೆಚ್ಚಿಸುವ ಪುಟ್ಟ ಯಂತ್ರ, ನೆರವಿಗೆ ಬರುತ್ತದೆ. ಆದರೆ ಅದನ್ನು ಕಂಬದ ತುದಿಯಲ್ಲಿ, ಆಂಟೆನಾದ ಪಕ್ಕದಲ್ಲೇ ಕೂರಿಸಬೇಕು, ಏಕೆಂದರೆ ತಂತಿಯಲ್ಲಿ ಇಳಿಯುತ್ತ ಸೊರಗಿದ ಅಲೆಯನ್ನು ಕೆಳಗೆ ಹಿಗ್ಗಿಸಿದರೆ ಚುಕ್ಕಿಗಳೂ ಜೊತೆಗೇ ಹಿಗ್ಗುತ್ತವೆ.

ದೂರದರ್ಶನದ ಭೂಪ್ರಸಾರ ಗೋಪುರಗಳಲ್ಲಿ ಬಹುಪಾಲು 2022ರ ಹೊತ್ತಿಗೆ ಮೌನವಾದವು. ಈಗ ಡಿಡಿ ಫ್ರೀ ಡಿಶ್‌ನ ತಟ್ಟೆ ಮೂರೂ ಊರುಗಳಲ್ಲಿ ಆಗ್ನೇಯಕ್ಕೆ, ನೆಲದಿಂದ ಅರವತ್ತು ಡಿಗ್ರಿಗೆ ತುಸು ಮೇಲಿನ ಒಂದೇ ಕೋನಕ್ಕೆ ಹೊಂದಿಕೊಂಡು ಚಂದನ ವಾಹಿನಿಯನ್ನು ತರುತ್ತದೆ. ತಟ್ಟೆಯೂ ಈ ಗಡಿಗೆ ಹೊಸದಲ್ಲ: 1975ರ ಆಗಸ್ಟ್ 1ರಿಂದ ಒಂದು ವರ್ಷ, ಅಮೆರಿಕದ ಎಟಿಎಸ್-6 ಉಪಗ್ರಹದ ಮೂಲಕ ನಡೆದ ಸೈಟ್ ಎಂಬ ಶಿಕ್ಷಣ ಟಿ.ವಿ. ಪ್ರಯೋಗದಲ್ಲಿ, ಗುಲಬರ್ಗಾ, ರಾಯಚೂರು, ಬಿಜಾಪುರ ಜಿಲ್ಲೆಗಳ ಹಳ್ಳಿಗಳು ಮೂರು ಮೀಟರ್ ಅಗಲದ ಜಾಲರಿ ತಟ್ಟೆಗಳಲ್ಲಿ ಕನ್ನಡ ಕಾರ್ಯಕ್ರಮ ಕಂಡಿದ್ದವು; ಉಪಗ್ರಹ ಹಿಂದಿರುಗಿದ ಮೇಲೆ ಆ ಹಳ್ಳಿಗಳ ಪೆಟ್ಟಿಗೆಗಳು ಬರಿದಾಗದಿರಲೆಂದೇ ಗುಲಬರ್ಗಾದ ಗೋಪುರ ಎದ್ದದ್ದು.